ಕುಂಚಿಗೆ ತೊಟ್ಟ ಬೆಳಗಾವಿ ಬಸ್ಸು

ಮರಾಠಿ ಸೀಮೆಯ ಕೋಥರೂಡದ ನಮ್ಮ ಸೊಸೈಟಿಯ ಮೂರನೆಯ ಮಹಡಿಯಿಂದ ದಿನಾ ಸಂಜೆ ಬೆಳಗಾವಿಗೆ ಒಂದು ಬಸ್ಸು ಹೊರಡುತ್ತದೆ ಎಂದರೆ ನೀವು ನಂಬಲಿಕ್ಕಿಲ್ಲ. ನಾನೂ ನಂಬುತ್ತಿರಲಿಲ್ಲ. ಆದರೆ ಅದರ ಎಂಜಿನ್ನಿನ ಸದ್ದಿಗೆ ನನ್ನ ಅಡುಗೆಮನೆಯ ಗೋಡೆಗೆ ತೂಗುಹಾಕಿದ ಸೌಟುಗಳು ಅಲ್ಲಾಡತೊಡಗಿದ ಮೇಲೆ ನಂಬದೆ ಬೇರೆ ದಾರಿಯಿರಲಿಲ್ಲ.

ನಮ್ಮ ಮಹಡಿಯಲ್ಲಿ ಮೂರು ಬಾಗಿಲು. ಎಡಗಡೆ ದಿಗಂಬರರಾಯರು, ಬಲಗಡೆ ಬಾಳಕೃಷ್ಣರಾಯರು, ನಡುವೆ ನಾನು. ದಿಗಂಬರರಾಯರು ಧಾರವಾಡದವರು, ಪಂಪು ತಯಾರಿಸುವ ಕಂಪನಿಯೊಂದರಲ್ಲಿ ಉಗ್ರಾಣ ನೋಡಿಕೊಂಡು ನಿವೃತ್ತರಾದವರು. ಬಾಳಕೃಷ್ಣರಾಯರು ಬೆಳಗಾವಿಯವರು, ವಿಮಾ ಕಚೇರಿಯಲ್ಲಿದ್ದವರು. ಒಬ್ಬರ ಮನೆಯ ಮದುವೆಯಲ್ಲಿ ಇನ್ನೊಬ್ಬರು ಸೊಂಟಕ್ಕೆ ಟವೆಲು ಬಿಗಿದು ಬಡಿಸಿದ್ದಾರೆ. ಒಬ್ಬರ ಮನೆಗೆ ಹೊಸ ಪರದೆ ಬಂದರೆ ಇನ್ನೊಬ್ಬರಿಗೆ ಊಟ ರುಚಿಸುವುದಿಲ್ಲ. ಇದನ್ನು ದ್ವೇಷವೆಂದು ತಿಳಿಯಬೇಡಿ. ದ್ವೇಷವಿದ್ದವರು ಪರದೆಯ ಬಟ್ಟೆಯನ್ನು ಮುಟ್ಟಿ ನೋಡಿ, “ಎಲ್ಲಿ ತಂದ್ರಿ?” ಎಂದು ಕೇಳುವುದಿಲ್ಲ.

ಎಷ್ಟೋ ವರ್ಷಗಳಿಂದ ಸಂಜೆಯ ಚಹಾದ ಹೊತ್ತಿಗೆ ಸೊಸೈಟಿಯ ಕನ್ನಡದ ಹಿರಿಯರೆಲ್ಲ ದಿಗಂಬರರಾಯರ ಪಡಸಾಲೆಯಲ್ಲಿ ಸೇರುವುದು ರೂಢಿ. ರಾಯರು ಪತ್ರಿಕೆಯನ್ನು ಗಟ್ಟಿಯಾಗಿ ಓದಿ, ಸುದ್ದಿಗಿಂತ ಉದ್ದದ ಟೀಕೆ ಸೇರಿಸುತ್ತಿದ್ದರು. ಅವರ ಹೆಂಡತಿ ವರದಾ ಚಹಾ ಕೊಡುತ್ತಿದ್ದಳು. ಅವರ ಅಕ್ಕ ಗಂಗೂಬಾಯಿ ಮೂಲೆಯ ಕುರ್ಚಿಯಲ್ಲಿ ಕುಳಿತು ಏನಾದರೊಂದು ಹೊಲಿಯುತ್ತಿದ್ದರು. ಕಂಪನಿಯಲ್ಲಿ ಜೀವಮಾನವಿಡೀ, “ಎರಡಿಂಚಿನ ವಾಲ್ವ್ ಕೊಡ್ರಿ” ಎಂಬ ಮಾತನ್ನೇ ಕೇಳಿಸಿಕೊಂಡ ಮನುಷ್ಯನ ಮಾತನ್ನು ಇಷ್ಟು ಜನ ತಲೆಯಾಡಿಸಿ ಕೇಳುತ್ತಿದ್ದ ಜಾಗ ಅದೊಂದೇ. ಆ ಸಂಜೆಯೇ ರಾಯರ ಆಸ್ತಿ.

ಆ ಆಸ್ತಿಗೆ ಕನ್ನ ಹಾಕಿದ್ದು ಒಂದು ಕಂಪ್ಯೂಟರು.

ಬಾಳಕೃಷ್ಣರಾಯರ ಮಗಳು ಕೇತಕಿ ವಿಮಾನ ನಗರದ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ಅಪ್ಪನಿಗೆ ಹೊತ್ತು ಹೋಗಲೆಂದು ಅವಳು ಆಟದ ಕಂಪ್ಯೂಟರೊಂದನ್ನು ಜೋಡಿಸಿ, ಟಿ.ವಿ.ಗೆ ಸಿಕ್ಕಿಸಿ, ಒಂದು ಸ್ಟಿಯರಿಂಗನ್ನೂ ಕೊಟ್ಟು ಹೋದಳು. ಬಸ್ಸು ಓಡಿಸುವ ಆಟ. ಯಾರೋ ಪುಣ್ಯವಂತರು ಆ ಆಟದೊಳಗೆ ನಮ್ಮ ಹೆದ್ದಾರಿಯನ್ನೇ ಕೂಡಿಸಿದ್ದರು. ಕಾತ್ರಜದ ಸುರಂಗ, ಖಂಬಾಟಕಿ ಘಾಟು, ಸಾತಾರಾ, ಕೊಲ್ಹಾಪುರ, ನಿಪ್ಪಾಣಿ, ಮುಂದೆ ಬೆಳಗಾವಿ. ನಮ್ಮ ಕಡೆಯ ಜನಕ್ಕೆ ಇನ್ನೇನು ಬೇಕು?

ಮೊದಲ ದಿನ ದಿಗಂಬರರಾಯರು ಪತ್ರಿಕೆ ಬಿಡಿಸಿಕೊಂಡು ಕಾದರು. ಯಾರೂ ಬರಲಿಲ್ಲ. ಚಹಾಕ್ಕೆ ಕೆನೆ ಕಟ್ಟಿತು. ಆಚೆ ಬಾಗಿಲಿನಿಂದ ನಗು ಕೇಳಿಸಿತು. ಪತ್ರಿಕೆಯನ್ನು ಕಂಕುಳಲ್ಲಿಟ್ಟುಕೊಂಡು ಹೋದರು. ಬಾಳಕೃಷ್ಣರಾಯರು ನನ್ನನ್ನೂ ಕರೆದಿದ್ದರಿಂದ ನಾನು ಆಗಲೇ ಅಲ್ಲಿದ್ದೆ. ಸೋಫಾ, ಕುರ್ಚಿಗಳೆಲ್ಲ ಸಾಲಾಗಿ ನಿಂತಿದ್ದವು. ಗೋಕಾಕದ ಬಟ್ಟೆ ವ್ಯಾಪಾರಿ ಶಿವಪುತ್ರಪ್ಪ ಕಿಟಕಿಯ ಪಕ್ಕದ ಸೀಟು ಹಿಡಿದು, ಗಾಳಿ ಬರುತ್ತಿದೆಯೆಂದು ಮಫ್ಲರ್ ಸುತ್ತಿಕೊಂಡಿದ್ದರು.

“ಹತ್ರಿ ಹತ್ರಿ ದಿಗಂಬ್ರಾಯರ, ಬಸ್ ಬಿಡಾಕತ್ತದ,” ಎಂದರು ಬಾಳಕೃಷ್ಣರಾಯರು, ಕಣ್ಣು ರಸ್ತೆಯ ಮೇಲಿಟ್ಟು.

“ಎಲ್ಲಿ ಕೂಡ್ಲಿ?”

“ಹಿಂದ ಒಂದ ಸೀಟ್ ಖಾಲಿ ಅದ ನೋಡ್ರಿ.”

ಹಿಂದಿನ ಸೀಟೆಂದರೆ ಕೈತೊಳೆಯುವ ಬೇಸಿನ್ನಿನ ಕೆಳಗಿನ ಪ್ಲಾಸ್ಟಿಕ್ ಸ್ಟೂಲು. ರಾಯರು ಕುಳಿತರು. ಬಸ್ಸು ಸುರಂಗ ದಾಟಿದ ಮೇಲೆ ಕೆಮ್ಮಿ ಪತ್ರಿಕೆ ಬಿಡಿಸಿದರು. “ಇವತ್ತಿನ ಪೇಪರಿನ್ಯಾಗ ಏನ್ ಬಂದದ ಅಂದ್ರ...”

“ಚಾಲಕನ ಜೋಡಿ ಮಾತಾಡಬಾರ್ದ್ರಿ.”

“ಹೌದ್ರಿ,” ಎಂದರು ಶಿವಪುತ್ರಪ್ಪ. “ಎಲ್ಲಾ ಬಸ್ಸಿನ್ಯಾಗೂ ಬರ್ದಿರ್ತಾರ.”

ಸಾತಾರಾದಲ್ಲಿ ಬಸ್ಸು ನಿಂತಿತು. ಬಾಳಕೃಷ್ಣರಾಯರು ಕೆಳಗಿಳಿದು, ಅಂದರೆ ಕುರ್ಚಿಯಿಂದೆದ್ದು, ದೊಡ್ಡ ಥರ್ಮಾಸಿನಿಂದ ಎಲ್ಲರಿಗೂ ಚಹಾ ಬಗ್ಗಿಸಿದರು. ಶಿವಪುತ್ರಪ್ಪನವರಿಗೆ ಸಕ್ಕರೆ ಕಾಯಿಲೆ. ಅವರ ಸಪ್ಪೆ ಚಹಾವನ್ನು ಬಾಳಕೃಷ್ಣರಾಯರು ಯಾರಿಗೂ ಹೇಳದೆ ಬೇರೆ ಬಟ್ಟಲಲ್ಲಿ ಇಟ್ಟಿದ್ದರು. ದಿಗಂಬರರಾಯರಿಗೆ ಮಾತ್ರ ಕಪ್ಪಿನ ಕೆಳಗೆ ಹೂವಿನ ಚಿತ್ರದ ಒಳ್ಳೆಯ ಬಶಿ. ನಾನು ಅದನ್ನು ನೋಡಿದೆ. ರಾಯರು ನೋಡಲಿಲ್ಲ. ಅವರು ಆಗ ಚಹಾ ಕುಡಿಯುತ್ತಿರಲಿಲ್ಲ, ಲೆಕ್ಕ ಹಾಕುತ್ತಿದ್ದರು.

ಏಳುವಾಗ ಅವರ ಕನ್ನಡಕ ಕೆಳಗೆ ಬಿತ್ತು. ಅದನ್ನು ಹುಡುಕುವ ನೆಪದಲ್ಲಿ ಟಿ.ವಿ. ಕೆಳಗೆ ಬಗ್ಗಿ, ಬಾಳಕೃಷ್ಣರಾಯರ ಕಂಪ್ಯೂಟರನ್ನು ಉದ್ದಕ್ಕೂ ಅಡ್ಡಕ್ಕೂ ಗೇಣು ಹಾಕಿ ಅಳೆದುಕೊಂಡು ಬಂದರು. ಕನ್ನಡಕವನ್ನು ಅಲ್ಲೇ ಬಿಟ್ಟು ಬಂದಿದ್ದರಿಂದ ಬಾಳಕೃಷ್ಣರಾಯರೇ ಅದನ್ನು ಒರೆಸಿ ತಂದುಕೊಡಬೇಕಾಯಿತು.

ಮರುದಿನ ಬೆಳಿಗ್ಗೆ ನನ್ನ ಬಾಗಿಲು ತಟ್ಟಿದರು.

“ಬಾಯಾರ, ಕಂಪ್ಯೂಟರ್ ಅಂಗಡಿಗೆ ಹೋಗೂಣು, ಬರ್ರಿ.”

“ನಾನ್ಯಾಕ್ರಿ? ನಾ ಕಲಿಸಿದ್ದು ಇತಿಹಾಸ.”

“ಓದಿದವರು ಜೋಡಿಗಿದ್ರ ಅಂಗಡ್ಯಾಗ ಮೋಸ ಮಾಡಾಂಗಿಲ್ಲ. ಬಾಳಕೃಷ್ಣಂದು ನೋಡಿದ್ರಿಲ್ಲೋ? ಹಿಟ್ಟಿನ ಡಬ್ಬಿಗತೆ ಅದ. ಮ್ಯಾಲ ಬಿಸಿ ಆಗ್ತದ ಅಂತ ತಾನ ಹೇಳ್ದ. ನಂದು ಸಣ್ಣದಿರ್ಬೇಕು, ತಣ್ಣಗಿರ್ಬೇಕು. ಪಡಸಾಲ್ಯಾಗ ಇಟ್ರ ಬಂದವರು, ‘ಮಷಿನ್ ಎಲ್ಲಿ ಅದ?’ ಅಂತ ಹುಡುಕ್ಬೇಕು.”

ಅಂಗಡಿಯನ್ನು ನಡೆಸುತ್ತಿದ್ದವಳು ಸ್ನೇಹಲ್ ಎಂಬ ಹುಡುಗಿ. ನಿಪ್ಪಾಣಿ ಕಡೆಯವಳು, ನಮ್ಮ ಮಾತು ಬಲ್ಲವಳು. ರಾಯರು ಚೀಲದಿಂದ ಒಂದು ಸ್ಟೀಲಿನ ಡಬ್ಬಿ ತೆಗೆದು ಅವಳ ಮುಂದಿಟ್ಟರು.

“ಇಷ್ಟ ಇರ್ಬೇಕ ನೋಡವಾ.”

ಅವಳು ಮುಚ್ಚಳ ತೆಗೆದಳು. “ಕಾಕಾ, ಇದರಾಗ ಚಪಾತಿ ಅದಾವ.”

ಬಿಸಿಲಲ್ಲಿ ಹೋದವರಿಗೆ ಹಸಿವಾದೀತೆಂದು ವರದಾ ಹೇಳದೆಯೇ ಇಟ್ಟಿದ್ದಳು. “ತಿನ್ನವಾ, ತಿಂದು ಆಮ್ಯಾಲ ಅಳತಿ ತಗೋ,” ಎಂದರು ರಾಯರು. ಸ್ನೇಹಲ್ ಸಂಕೋಚವಿಲ್ಲದೆ ತಿಂದಳು. ತಿಂದ ಮೇಲೆ ಅವಳಿಗೆ ನಮ್ಮ ಮೇಲೆ ಮಗಳ ಅಕ್ಕರೆ ಬಂತು. ಗಿರಾಕಿಗಳನ್ನೆಲ್ಲ ಬದಿಗಿಟ್ಟು ವಿವರಿಸಿದಳು. ಚಪಾತಿ ಡಬ್ಬಿಯಷ್ಟು ಸಾಧ್ಯವಿಲ್ಲ, ಚಿತ್ರ ಮೂಡಿಸುವ ಕಾರ್ಡೇ ಅದಕ್ಕಿಂತ ಉದ್ದವಿರುತ್ತದೆ. ಬೂಟಿನ ಪೆಟ್ಟಿಗೆಯಷ್ಟರಲ್ಲಿ ಹಿಡಿಸಬಹುದು. ಸಣ್ಣ ಪೆಟ್ಟಿಗೆಯಲ್ಲಿ ಶಾಖ ಜಾಸ್ತಿ. ಅದಕ್ಕೆ ಎರಡೂ ಬದಿಗೆ ಜಾಲರಿ. ಅಲ್ಲಿಂದ ಗಾಳಿ ಒಳಗೆ, ಮೇಲಿನ ಫ್ಯಾನಿನಿಂದ ಹೊರಗೆ. ಮುಖ್ಯ ಚಿಪ್ಪಿನ ಶಾಖ ಒಯ್ಯಲು ನೀರು ತುಂಬಿದ ಸಣ್ಣ ಕೊಳವೆ.

“ಬಾಳಕೃಷ್ಣನ ಮಷಿನ್ಯಾಗ ನೀರು ಅದ ಏನು?”

“ಯಾವ ಬಾಳಕೃಷ್ಣ, ಕಾಕಾ?”

“ಅವಂಗ ಇಲ್ಲ ಅಂದ್ರ ನಮಗ ಹಾಕವಾ.”

ಹೊರಡುವಾಗ ಅವಳು ಬಾಗಿಲವರೆಗೂ ಬಂದು ಹೇಳಿದಳು: “ಗೋಡಿಗೆ ಹಚ್ಚಿ ಇಡಬ್ಯಾಡ್ರಿ ಕಾಕಾ. ಶೋಕೇಸಿನ್ಯಾಗ ಇಡಬ್ಯಾಡ್ರಿ. ಸುತ್ತಲೂ ಗಾಳಿಗೆ ಜಾಗಾ ಬಿಡ್ರಿ.” ರಾಯರು ಅದನ್ನು ವೇದವಾಕ್ಯವೆಂದು ಪಾಲಿಸಿದರು. ಯಂತ್ರ ಬಂದಾಗ ಗೋಡೆಗೆ ಹಚ್ಚಲಿಲ್ಲ, ಶೋಕೇಸಿನಲ್ಲಿಡಲಿಲ್ಲ. ಟಿ.ವಿ.ಯ ಮುಂದೆ ಟೀಪಾಯಿಯ ನಟ್ಟನಡುವೆ ಇಟ್ಟು, ಸುತ್ತ ಯಾರೂ ಸುಳಿಯದಂತೆ ರಂಗೋಲಿಯ ಗೆರೆ ಎಳೆಸಿದರು. ಹೊದಿಸಬೇಡಿ ಎಂದು ಮಾತ್ರ ಸ್ನೇಹಲ್ ಹೇಳಿರಲಿಲ್ಲ. ಕಂಪ್ಯೂಟರಿಗೆ ಯಾರಾದರೂ ಹೊದಿಸುತ್ತಾರೆಂದು ಆ ಹುಡುಗಿಗಾದರೂ ಹೇಗೆ ಹೊಳೆಯಬೇಕು?

ನಮ್ಮ ಕಡೆಯ ಮನೆಗಳಲ್ಲಿ ಬರಿಮೈಯ ವಸ್ತು ಎಂಬುದಿಲ್ಲ. ಮಿಕ್ಸರಿಗೆ ಗವಸು, ಫ್ರಿಜ್ಜಿನ ತಲೆಗೆ ಜಾಲರಿಯ ಹೊದಿಕೆ, ಅದರ ಹಿಡಿಕೆಗೆ ಪುಟ್ಟ ಅಂಗಿ, ವಾಶಿಂಗ್ ಮಶೀನಿಗೆ ಮಳೆಕೋಟು. ಹೊಸ ಸೋಫಾದ ಪ್ಲಾಸ್ಟಿಕ್ ತೆಗೆಯುವಷ್ಟರಲ್ಲಿ ಸೋಫಾ ಹಳತಾಗಿರುತ್ತದೆ. ಈ ಹೊದಿಕೆಗಳು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಅವು ಆಯಾ ವಸ್ತುವಿನ ಚರ್ಮವೆಂದೇ ನಮ್ಮ ತಿಳಿವಳಿಕೆ.

ಗಂಗೂಬಾಯಿ ಯಂತ್ರವನ್ನು ಕಂಡೊಡನೆ ಎದೆಯ ಮೇಲೆ ಕೈಯಿಟ್ಟುಕೊಂಡರು. “ಎಷ್ಟ ಸಣ್ಣದದಲ್ಲೋ ದಿಗಂಬರ! ಗಾಳಿ ಬಡದೀತು.”

ಮರುದಿನವೇ ಗುಳೇದಗುಡ್ಡದ ಖಣದ ಬಟ್ಟೆಯಲ್ಲಿ ಅದಕ್ಕೊಂದು ಕುಂಚಿಗೆ ಸಿದ್ಧವಾಯಿತು. ಕೂಸುಗಳಿಗೆ ತೊಟ್ಟಿಲಲ್ಲಿ ತೊಡಿಸುತ್ತಾರಲ್ಲ, ಅದೇ. ತಲೆ, ಕಿವಿ, ಬೆನ್ನು ಬೆಚ್ಚಗೆ ಮುಚ್ಚಿ ಮುಖ ಮಾತ್ರ ಕಾಣುವಂಥದು. ಗದ್ದದ ಕೆಳಗೆ ಲಾಡಿ, ನೆತ್ತಿಯ ಮೇಲೆ ಮುತ್ತಿನ ಗೊಂಡೆ. ಮುಂದಿನ ನೀಲಿ ದೀಪ ಮಿನುಗುತ್ತಿತ್ತು, ಜಾಲರಿಗಳೆರಡೂ ಖಣದ ಕೆಳಗಿದ್ದವು. ನಾವೆಲ್ಲ, “ಎಷ್ಟ ಚೆಂದ ಕಾಣ್ತದ!” ಎಂದೆವು. ನಿಜವಾಗಿಯೂ ಚೆಂದ ಕಾಣುತ್ತಿತ್ತು.

ಬಸ್ಸಿನ ಉದ್ಘಾಟನೆಗೆ ಎಲ್ಲರೂ ಬಂದರು. ಬಾಳಕೃಷ್ಣರಾಯರು ಬೆಳಗಾವಿಯ ಕುಂದಾ ತಂದಿದ್ದರು. ಅವರಿಗೆ ಹಿಂದಿನ ಸೀಟು ಕೊಡಲಾಯಿತು. ಸ್ಟೂಲು ಬಾಳಕೃಷ್ಣರಾಯರ ಮನೆಯದಕ್ಕಿಂತ ಕುಳ್ಳಾಗಿರಲೆಂದು ದಿಗಂಬರರಾಯರು ಬಚ್ಚಲಿನಿಂದ ಆರಿಸಿ ತರಿಸಿದ್ದರು. ಯಂತ್ರಕ್ಕೆ ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದು ಬಸ್ಸು ಬಿಟ್ಟರು.

“ಸದ್ದ ಕೇಳಿದ್ರೇನು?” ಎಂದು ಕೇಳಿದರು ರಾಯರು.

“ಯಾವ ಸದ್ದು?” ಎಂದರು ಶಿವಪುತ್ರಪ್ಪ.

“ಅದಽ. ಸದ್ದ ಇಲ್ಲ. ಒಳಗ ನೀರ ಅದ. ಕೆಲವರ ಮನ್ಯಾಗ ಗಿರಣಿಗತೆ ಗರಗರ ಅಂತದ.”

ಬಾಳಕೃಷ್ಣರಾಯರು ಕುಂದಾ ಅಗಿಯುವುದನ್ನು ನಿಲ್ಲಿಸಿದರು. ಅವರ ಮುಖ ಸಣ್ಣಗಾಯಿತು. ಆ ಮುಖವನ್ನು ನೋಡಲು ಚಾಲಕರು ಹಿಂದೆ ತಿರುಗಿದ್ದರಿಂದ ಬಸ್ಸು ಒಂದು ಮೈಲಿಗಲ್ಲಿಗೆ ತಾಗಿತು. ಆದರೂ ಸುರಂಗ ದಾಟಿತು, ಬಯಲು ದಾಟಿತು, ಖಂಬಾಟಕಿ ಘಾಟು ಹತ್ತತೊಡಗಿತು. ಅರ್ಧ ಘಾಟಿನಲ್ಲಿ ಪಟ್ಟನೆ ಟಿ.ವಿ. ಕಪ್ಪಾಯಿತು. ನೀಲಿ ದೀಪವೂ ಆರಿತು.

ಹಿಂದಿನ ಸೀಟಿನಿಂದ ಒಂದು ದನಿ ಬಂತು: “ಇಳದು ತಳ್ಳೂಣೇನ್ರಿ?”

ನಕ್ಕವರಲ್ಲಿ ನಾನೂ ಒಬ್ಬಳು. ಗುಂಡಿ ಒತ್ತಿದಾಗ ಮತ್ತೆ ಹೊತ್ತಿತು. ಒಂದು ತಿರುವು ಹತ್ತಿ ಮತ್ತೆ ಆರಿತು. “ಡೀಸೆಲ್ ಹಾಕ್ಸಿದ್ರೋ ಇಲ್ಲೋ?” ಎಂದು ಶಿವಪುತ್ರಪ್ಪ ನಿಜವಾದ ಕಾಳಜಿಯಿಂದ ಕೇಳಿದರು. ಸ್ವಲ್ಪ ಹೊತ್ತು ಕೆಮ್ಮಿ, ಗಡಿಯಾರ ನೋಡಿ, ಪ್ರಯಾಣಿಕರು ಒಬ್ಬೊಬ್ಬರಾಗಿ ಎದ್ದರು. ನಾನು ನನ್ನ ಮನೆಗೆ ಬಂದು ಅಕ್ಕಿ ತೊಳೆಯುವಷ್ಟರಲ್ಲಿ ಬಲಗಡೆಯ ಗೋಡೆಯಿಂದ ಎಂಜಿನ್ನಿನ ಸದ್ದು ಕೇಳಿಸಿತು. ಎಡಗಡೆಯ ಗೋಡೆಯಿಂದ ಏನೂ ಕೇಳಿಸಲಿಲ್ಲ.

ಮರುದಿನ ರಾಯರು ಬಾಲ್ಕನಿಯಲ್ಲಿ ನಿಂತು ಸ್ನೇಹಲಳಿಗೆ ಫೋನು ಮಾಡಿದರು. ಫೋನಿನಲ್ಲಿ ಮಾತಾಡುವಾಗ ಅವರಿಗೆ ಫೋನಿನ ಅಗತ್ಯವಿರುವುದಿಲ್ಲ.

“ಬಿಸಿ ಆಗಿ ಬಂದ್ ಆಗಾಕತ್ತದ್ರಿ ಕಾಕಾ,” ಎಂದು ಅವಳು ಹೇಳಿದ್ದು ನನಗೂ ಕೇಳಿಸಿತು. “ಮ್ಯಾಲ ಏನರ ಇಟ್ಟೀರೇನು?”

“ಏನೂ ಇಟ್ಟಿಲ್ಲವಾ! ಒಂದ ಹೂವ ಸುದ್ದಾ ಇಟ್ಟಿಲ್ಲ!”

ಅವರು ಸುಳ್ಳು ಹೇಳಲಿಲ್ಲ. ಕುಂಚಿಗೆಯನ್ನು ಯಾರಾದರೂ ಮೇಲೆ ಇಡುತ್ತಾರೆಯೆ? ಅದನ್ನು ತೊಡಿಸುತ್ತಾರೆ.

“ಹಂಗಾರ ಒಳಗ ನೀರ ಕಮ್ಮಿ ಆಗಿರ್ಬೇಕು,” ಎಂದು ರಾಯರು ಇನ್ನೂ ಗಟ್ಟಿಯಾಗಿ ತೀರ್ಪು ಕೊಟ್ಟರು. “ಪಡಸಾಲ್ಯಾಗಿನ ಮಷಿನ್‌ಗೆ ಇನ್ನಷ್ಟ ನೀರ ಬಿಡಬೇಕು!”

ಅದು ಮೇ ತಿಂಗಳು. ಸೊಸೈಟಿಗೆ ಟ್ಯಾಂಕರಿನಲ್ಲಿ ನೀರು ಬರುತ್ತಿತ್ತು. ಬಕೆಟ್ಟಿನ ಸದ್ದಾದರೆ ನಾಲ್ಕು ಕಿಟಕಿ ತೆರೆಯುತ್ತಿದ್ದವು. ಮಧ್ಯಾಹ್ನದೊಳಗೆ ದಿಗಂಬರರಾಯರು ಪಡಸಾಲೆಯಲ್ಲಿ ಕಾರಂಜಿ ಕಟ್ಟಿಸಿದ್ದಾರೆಂದು ಮೊದಲನೆಯ ಮಹಡಿಯಲ್ಲೂ, ಈಜುಕೊಳ ಕಟ್ಟಿಸಿದ್ದಾರೆಂದು ನೆಲಮಹಡಿಯಲ್ಲೂ ಸುದ್ದಿಯಾಗಿತ್ತು. ಸೊಸೈಟಿಯ ಸೆಕ್ರೆಟರಿ ಮಧುಕರರು ಪ್ಲಂಬರನೊಂದಿಗೆ ಬಂದು ಬಾಗಿಲಲ್ಲಿ ನಿಂತರು.

“ಪಾಣೀ ಕುಠೇ ಆಹೇ?” ನೀರೆಲ್ಲಿದೆ?

ದಿಗಂಬರರಾಯರು ಟೀಪಾಯಿ ತೋರಿಸಿದರು. ರಂಗೋಲಿಯ ನಡುವೆ, ಕುಂಕುಮ ಹಚ್ಚಿಕೊಂಡು, ಖಣದ ಕುಂಚಿಗೆ ತೊಟ್ಟು ಕುಳಿತ ಮೂರ್ತಿಯನ್ನು ಕಂಡು ಮಧುಕರರು ಗಾಬರಿಯಿಂದ ಹಿಂದೆ ಸರಿದು ಚಪ್ಪಲಿ ಬಿಟ್ಟು ಬಂದರು. ಕೈಮುಗಿದರು. ಪ್ಲಂಬರನೂ ಸ್ಪ್ಯಾನರು ಕೆಳಗಿಟ್ಟು ಕೈಮುಗಿದ. ಇದು ಯಾವ ದೇವರೆಂದು ಅವರು ಮರಾಠಿಯಲ್ಲಿ ಮೆಲ್ಲಗೆ ಕೇಳಿದರು. ಇದು ಬಸ್ಸು ಎಂದು ರಾಯರು ಮರಾಠಿಯಲ್ಲೇ ಉತ್ತರಿಸಿದರು. ಮಧುಕರರು ಅವರನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮೂರ್ತಿಗೆ ಕಿವಿಯಿಟ್ಟು ನೀರಿನ ಸದ್ದಿಗಾಗಿ ಕೇಳಿದರು.

“ಹಗೂರ್ರಿ,” ಎಂದರು ಗಂಗೂಬಾಯಿ ಕುರ್ಚಿಯಿಂದ. “ನಿನ್ನಿಯಿಂದ ಅದಕ್ಕ ಆರಾಮಿಲ್ಲ.”

ಸೆಕ್ರೆಟರಿಗೆ ಕನ್ನಡ ತಿಳಿಯದಿದ್ದರೂ ಮುದುಕಿಯ ದನಿ ತಿಳಿಯಿತು. ಅವರು ತುದಿಗಾಲಲ್ಲಿ ನಡೆದು ಹೊರಗೆ ಹೋದರು. ಹೊರಗೆ ಪ್ಲಂಬರನಿಗೆ, ಈ ಮನೆಯವರಿಗೆ ತೊಂದರೆ ಕೊಡಬೇಡ, ಟ್ಯಾಂಕರ್ ಬಂದಾಗ ಮೊದಲು ಇವರ ಕೊಡ ತುಂಬು ಎಂದು ಹೇಳಿದ್ದು ಪಡಸಾಲೆಯಲ್ಲಿದ್ದ ನನಗೂ ಕೇಳಿಸಿತು.

ಆದರೆ ಗಂಗೂಬಾಯಿಗೆ ಕಾರಣ ಹೊಳೆದುಬಿಟ್ಟಿತ್ತು. “ಹೆಂಗ ಕಣ್ಣ ಬಿಟ್ಟು ನೋಡಿದ್ರು ನೋಡಿದ್ಯಾ? ನಿನ್ನಿ ಹಿಂಡ ಮಂದಿ, ಇವತ್ತ ಇವ್ರು. ದೃಷ್ಟಿ ಆಗ್ಯದೋ ದಿಗಂಬರ!”

“ಅದಽ ಖರೇ,” ಎಂದರು ರಾಯರು. ಅವರ ಕಣ್ಣಮುಂದೆ ಕುಂದಾ ಅಗಿಯುವುದನ್ನು ನಿಲ್ಲಿಸಿದ ಒಂದು ಮುಖ ಬಂದಿರಬೇಕು. “ಹಿಂದಿನ ಸೀಟಿನಿಂದಽ ಬಿದ್ದದ.”

ಗಂಗೂಬಾಯಿ ಟ್ರಂಕಿನ ತಳದಿಂದ ಒಂದು ಕೌದಿ ತೆಗೆದರು. ತಮ್ಮ ಅವ್ವನ ಇಳಕಲ್ ಸೀರೆಯ ತುಂಡು, ಅಪ್ಪನ ರುಮಾಲಿನ ಅಂಚು, ದಿಗಂಬರ ಶಾಲೆಗೆ ಹಾಕಿಕೊಂಡು ಹೋಗುತ್ತಿದ್ದ ಅಂಗಿ, ಇವನ್ನೆಲ್ಲ ಸೇರಿಸಿ, ಕಣ್ಣು ಚೆನ್ನಾಗಿದ್ದ ಕಾಲದಲ್ಲಿ ಹೊಲಿದದ್ದು. ಯಾರಿಗೂ ಹೊದೆಯಲು ಕೊಟ್ಟಿರಲಿಲ್ಲ. ಅದನ್ನು ಮಡಚಿ ಕುಂಚಿಗೆಯ ಮೇಲೆ ಹೊಚ್ಚಿ, ಸುತ್ತ ಒತ್ತಿ, ತಟ್ಟಿದರು. ತಮ್ಮನ ಸಂಜೆ ಮರಳಿ ಬರಲೆಂದು ತಮ್ಮಲ್ಲಿದ್ದ ಅತ್ಯುತ್ತಮ ವಸ್ತುವನ್ನೇ ಕೊಟ್ಟಿದ್ದರು. ಅದರ ಮುಂದೆ ಯಾರು ಏನು ಹೇಳಲು ಸಾಧ್ಯ? ನನಗಂತೂ ಕಣ್ಣು ತುಂಬಿ ಬಂದು ಏನೂ ಹೊಳೆಯಲಿಲ್ಲ.

ಮರುದಿನ ದಿಗಂಬರರಾಯರು ಮತ್ತೆ ಮನೆಮನೆಗೆ ಹೋಗಿ ಕರೆದರು. “ಇವತ್ತ ಬೆಳಗಾವಿ ಗ್ಯಾರಂಟಿ,” ಎಂದು ಅವರು ಹೇಳುವಾಗ ದನಿಯಲ್ಲಿ ಮೊದಲಿನ ಠೀವಿ ಇರಲಿಲ್ಲ. ಬಾಳಕೃಷ್ಣರಾಯರ ಬಾಗಿಲಲ್ಲಿ ನಿಂತು, “ನೀವೂ ಬರ್ರಿ,” ಎಂದಷ್ಟೇ ಹೇಳಿದರು. ವರದಾ ಮಂಡಕ್ಕಿಯ ಗಿರ್ಮಿಟ್ಟು ಮಾಡಿದಳು. ಎಲ್ಲರೂ ಬಂದರು. ಬರದಿದ್ದರೆ ರಾಯರು ಮತ್ತೆ ಕರೆಯುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು.

ಬಸ್ಸು ಹೊರಟಿತು. ಕಾತ್ರಜದ ಸುರಂಗ ಹೊಕ್ಕಿತು. ಕತ್ತಲಾಯಿತು. ಸುರಂಗದ ಕತ್ತಲೋ ಪರದೆಯ ಕತ್ತಲೋ ಸ್ವಲ್ಪ ಹೊತ್ತು ಯಾರಿಗೂ ತಿಳಿಯಲಿಲ್ಲ. ನಾವು ತಾಳ್ಮೆಯಿಂದ ಕಾದೆವು.

“ಸುರಂಗ ಭಾಳ ಉದ್ದ ಅದ,” ಎಂದರು ಕೊನೆಗೆ ಶಿವಪುತ್ರಪ್ಪ.

ದಿಗಂಬರರಾಯರು ಸ್ಟಿಯರಿಂಗಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡರು. “ಹೋಗ್ರಿ,” ಎಂದರು. “ಓಡೂ ಬಸ್ಸಿಗೆ ಹೋಗ್ರಿ ಎಲ್ಲಾರೂ. ನನ್ನ ಮನಿ ಕಡೆ ಬರೂ ಕಾರಣ ಇಲ್ಲ ನಿಮಗ.”

ಯಾರೂ ಏಳಲೂ ಇಲ್ಲ, ಕೂರಲೂ ಇಲ್ಲ. ನಡುವೆ ಎಲ್ಲೋ ಇದ್ದರು. ಆಗ ಬಾಳಕೃಷ್ಣರಾಯರು ಕುಳ್ಳ ಸ್ಟೂಲಿನಿಂದ ಕಷ್ಟಪಟ್ಟು ಎದ್ದು ಬಂದರು. ಸಮಾಧಾನ ಹೇಳುವವರ ಹಾಗೆ ಯಂತ್ರದ ಬೆನ್ನ ಮೇಲೆ ಅಂಗೈ ಇಟ್ಟರು. ತಟ್ಟನೆ ತೆಗೆದರು. ಮತ್ತೆ ಒಂದೇ ಬೆರಳಿನಿಂದ ಮುಟ್ಟಿದರು. ಕೌದಿಯ ಅಂಚು ಎತ್ತಿ ಕೆಳಗಿನ ಕುಂಚಿಗೆ ನೋಡಿದರು. ಅವರ ಮುಖದಲ್ಲಿ ದೊಡ್ಡದೊಂದು ನಗು ಹೊರಡಲು ಸಿದ್ಧವಾಗಿ ಬಾಗಿಲವರೆಗೆ ಬಂತು. ಒಂದು ಮಾತು ಹೇಳಿದ್ದರೆ ಸಾಕಿತ್ತು, ಇಡೀ ಸೊಸೈಟಿ ವರ್ಷವಿಡೀ ನಗುತ್ತಿತ್ತು. ಆದರೆ ಅವರ ಕಣ್ಣು ಗಂಗೂಬಾಯಿಯ ಮೇಲೆ ಬಿತ್ತು. ಆಕೆ ಗಿರ್ಮಿಟ್ಟಿನ ತಟ್ಟೆ ಹಿಡಿದು, ಕೌದಿಯನ್ನು ಯಾರಾದರೂ ಚೆಂದವಿದೆ ಎನ್ನುತ್ತಾರೇನೋ ಎಂದು ನಿಂತಿದ್ದರು.

ನಗು ವಾಪಸು ಹೋಯಿತು. “ಅಕ್ಕಾರ,” ಎಂದರು ಬಾಳಕೃಷ್ಣರಾಯರು, “ಈ ಕೌದಿ ನನಗ ಕೊಟ್ಟಬಿಡ್ರಿ. ನನ್ನ ಮಷಿನ್ ಬರೇ ಮೈಲೆ ಕುಂತದ.”

ದಿಗಂಬರರಾಯರು ಬುಗ್ಗೆಂದು ಎದ್ದರು. “ಏನಂದ್ರಿ? ನನ್ನ ಮಂದೀನ ಕರಕೊಂಡ್ರಿ, ನನ್ನ ಚಹಾದ ಹೊತ್ತ ತಗೊಂಡ್ರಿ. ಈಗ ನಮ್ಮಕ್ಕನ ಕೌದಿನೂ ಬೇಕಾತೇನು?”

“ದಿಗಂಬ್ರಾಯರ, ಕೊಡ್ರಿ. ನಿಮ್ಮ ಛಲೋದಕ್ಕ ಹೇಳ್ತೀನಿ.”

“ಕೊಡಂಗಿಲ್ಲ!”

“ಬಿಡ್ರಿ ಅಂತೀನಿ!”

“ಅದು ನನ್ನ ಸಾಲಿ ಅಂಗಿ!”

ಒಂದು ತುದಿ ಇವರ ಕೈಯಲ್ಲಿ, ಒಂದು ತುದಿ ಅವರ ಕೈಯಲ್ಲಿ. ವಿಮಾ ಕಚೇರಿ ಎಳೆಯಿತು, ಪಂಪಿನ ಕಂಪನಿ ಎಳೆಯಿತು. ಗೊಂಡೆಗೆ ಸಿಕ್ಕಿ ಕುಂಚಿಗೆಯೂ ಕಳಚಿ ಬಂತು. ಇಬ್ಬರೂ ರಂಗೋಲಿ ತುಳಿದು, ಸೋಫಾ ಸುತ್ತಿ, ಬಾಗಿಲವರೆಗೂ ಹೋದರು. ಶಿವಪುತ್ರಪ್ಪ ಇಬ್ಬರ ನಡುವೆ ನುಗ್ಗಿ, “ಅರಿವಿ ಹರೀತದ್ರಿ, ಇಳಕಲ್ ಅದು!” ಎಂದು ವ್ಯಾಪಾರಿಯ ದುಃಖದಿಂದ ಕೂಗುತ್ತಿದ್ದರು. ಅದೆಲ್ಲ ಮುಗಿಯುವಷ್ಟರಲ್ಲಿ ಬರಿಮೈಯಲ್ಲಿ ಕುಳಿತ ಯಂತ್ರದೊಳಗೆ ಎಷ್ಟು ಗಾಳಿ ಆಡಬೇಕೋ ಅಷ್ಟು ಆಡಿತ್ತು.

ವರದಾ ಬಂದು ಖಾಲಿ ಕುರ್ಚಿಯಲ್ಲಿ ಕುಳಿತಳು. ಗುಂಡಿ ಒತ್ತಿದಳು. ಇಷ್ಟು ದಿನ ಚಹಾದ ಟ್ರೇ ಹಿಡಿದು ಹಿಂದೆ ನಿಂತು ನೋಡಿದ್ದಳಲ್ಲ, ಎಲ್ಲ ತಿಳಿದಿತ್ತು. ಗೇರು ಹಾಕಿದಳು.

“ಬಸ್ ಹೊಂಟ್ತು!” ಎಂದು ಶಿವಪುತ್ರಪ್ಪ ಕೌದಿ ಬಿಟ್ಟು ಓಡಿ ಕಿಟಕಿಯ ಸೀಟು ಹಿಡಿದರು.

ಸುರಂಗ ದಾಟಿತು. ಬಯಲು ದಾಟಿತು. ಖಂಬಾಟಕಿ ಘಾಟನ್ನು ವರದಾ, ಒಲೆಯ ಮೇಲೆ ಹಾಲಿಟ್ಟವರ ಎಚ್ಚರದಲ್ಲಿ ಹತ್ತಿಸಿದಳು. ಬಸ್ಸು ನಿಲ್ಲಲಿಲ್ಲ. ಇಳಿಜಾರಿನಲ್ಲಿ ದಿಗಂಬರರಾಯರು ತಮ್ಮ ಕೈಯಲ್ಲಿದ್ದ, ಇನ್ನೂ ಬಿಸಿಯಾಗಿದ್ದ ಕೌದಿಯನ್ನು ನೋಡಿದರು. ಯಂತ್ರವನ್ನು ನೋಡಿದರು. ಕೌದಿಯ ಇನ್ನೊಂದು ತುದಿ ಹಿಡಿದಿದ್ದ ಬಾಳಕೃಷ್ಣರಾಯರನ್ನು ನೋಡಿದರು. ಅವರು ಗೋಡೆಯ ಕ್ಯಾಲೆಂಡರು ಓದುತ್ತಿದ್ದರು.

“ನೋಡಿದ್ಯಾ?” ಎಂದರು ಗಂಗೂಬಾಯಿ ಹಿಗ್ಗಿನಿಂದ. “ಕೌದಿ ಹೊಚ್ಚಿದ ಕೂಡ್ಲೆ ದೃಷ್ಟಿ ಹೋತು. ಈಗ ಓಡಾಕತ್ತದ. ತಾ, ಮತ್ತ ಹೊಚ್ಚು, ಗಾಳಿ ಬಡದೀತು.”

ಆ ಹೊತ್ತಿಗೆ ಪಡಸಾಲೆಯಲ್ಲಿದ್ದ ಎಲ್ಲರಿಗೂ ಎಲ್ಲವೂ ಅರ್ಥವಾಗಿತ್ತು. ಶಿವಪುತ್ರಪ್ಪ ಬಾಯಿ ತೆರೆದರು. ನಾನು ಗಿರ್ಮಿಟ್ಟಿನ ತಟ್ಟೆ ಮುಂದೆ ಹಿಡಿದೆ. ಅವರು ಬಾಯಿ ತುಂಬಿಕೊಂಡರು.

ದಿಗಂಬರರಾಯರು ಕೌದಿಯನ್ನು ಕೊಡವಿ ತಮ್ಮ ಹೆಗಲಿಗೇ ಹೊದ್ದುಕೊಂಡರು. “ಅಕ್ಕಾ, ಇನ್ನ ಮಷಿನ್‌ಗ ಯಾಕ? ಅದರ ದೃಷ್ಟಿ ಹೋತಲ್ಲ. ಇದು ನನಗ ಬೇಕು. ಥಂಡಿ ಹತ್ತೇದ.”

“ಈ ಬ್ಯಾಸಗ್ಯಾಗ?”

“ಘಾಟಿನ್ಯಾಗ ಗಾಳಿ ಭಾಳ ಅದವಾ.”

“ಅದ್ರಿ, ಅದ,” ಎಂದು ಇಡೀ ಬಸ್ಸು ಒಕ್ಕೊರಲಿನಿಂದ ಹೇಳಿತು. ಮಫ್ಲರಿಲ್ಲದವರು ಕರವಸ್ತ್ರ ಕಟ್ಟಿಕೊಂಡರು. ಗಂಗೂಬಾಯಿ ಎದ್ದುಬಂದು ತಮ್ಮನ ಕುತ್ತಿಗೆಯ ಸುತ್ತ ಕೌದಿಯನ್ನು ಒತ್ತಿ ಕೂಡಿಸಿ, ತಟ್ಟಿದರು. ರಾಯರ ಹಣೆಯಿಂದ ಬೆವರು ಧಾರೆಯಾಗಿ ಇಳಿಯುತ್ತಿತ್ತು.

ಸಾತಾರಾ ಬಂತು. ವರದಾ ಬಸ್ಸು ನಿಲ್ಲಿಸಿದಳು, ಕುರ್ಚಿ ಬಿಡಲಿಲ್ಲ. “ಚಹಾ ಯಾರರ ಮಾಡ್ಕೊಂಡ ಬರ್ರಿ. ನಾ ಇಳಿಯಂಗಿಲ್ಲ.”

ಹೆಂಡತಿಯ ದನಿಯಲ್ಲಿ ರಾಯರು ಹಿಂದೆಂದೂ ಕೇಳದ ಏನೋ ಇತ್ತು. ಕೌದಿ ಹೊದ್ದೇ ಅಡುಗೆಮನೆಗೆ ಹೋದರು. ಸಕ್ಕರೆ ಡಬ್ಬಿ ಯಾವುದೆಂದು ತಿಳಿಯದೆ ಒದ್ದಾಡುವುದು ಕೇಳಿ ಬಾಳಕೃಷ್ಣರಾಯರೂ ಹೋದರು. ನಾನು ಕಪ್ಪುಗಳನ್ನು ಒಯ್ದು ಬಾಗಿಲಲ್ಲೇ ನಿಂತೆ. ಒಳಗೆ ಹೋಗುವ ಹೊತ್ತು ಅದಾಗಿರಲಿಲ್ಲ.

“ನಿಮ್ಮ ಕೈ ಸುಟ್ಟಿತಲ್ಲ?” ಎಂದು ಕೇಳಿದರು ದಿಗಂಬರರಾಯರು.

“ಯಾವ ಕೈ? ನನ್ನ ಕೈ ಯಾವಾಗ್ಲೂ ಬಿಸೀನಽ ಇರ್ತದ್ರಿ.”

ನೀರು ಕುದಿಯಿತು. ದಿಗಂಬರರಾಯರು ಪುಡಿ ಹಾಕಿದರು. “ನಾಳಿಯಿಂದ ಮಂದಿ ಇಲ್ಲೇ ಬರ್ತಾರ. ನಿಮ್ಮ ಬಸ್ ಖಾಲಿ ಹೋಗ್ತದ.”

“ಗೊತ್ತದ.”

“ಬ್ಯಾಸರಾತೇನು?”

“ಬ್ಯಾಸರ ಅಲ್ರಿ,” ಎಂದರು ಬಾಳಕೃಷ್ಣರಾಯರು, ಸೋಸುವ ಬಟ್ಟೆಯನ್ನು ಹಿಂಡುತ್ತ. “ಖರೇ ಹೇಳ್ಲ್ಯಾ? ಹೊಟ್ಟಿ ಉರ್ಯಾಕತ್ತದ. ಅಷ್ಟ ಸಣ್ಣ ಮಷಿನ್, ಸದ್ದಿಲ್ಲ, ಗದ್ದಲಿಲ್ಲ. ಮೊನ್ನಿಯಿಂದ ಸರಿಯಾಗಿ ನಿದ್ದಿ ಇಲ್ಲ.”

ದಿಗಂಬರರಾಯರು ಒಲೆ ಸಣ್ಣ ಮಾಡಿದರು. ಬೆವರಿಳಿಯುತ್ತಿದ್ದ ಆ ಮುಖದಲ್ಲಿ ಅಂಥ ಬೆಳಕನ್ನು ಅವರ ನಿವೃತ್ತಿಯ ಸನ್ಮಾನದ ದಿನವೂ ನಾನು ಕಂಡಿರಲಿಲ್ಲ.

“ಭಾಳ ಉರ್ಯಾಕತ್ತದೇನು?”

“ಭಾಳ.”

ರಾಯರು ಮೊದಲ ಕಪ್ಪನ್ನು ತುಂಬಿ, ಕಪಾಟಿನ ಮೇಲಿನ ಹಲಗೆಯಿಂದ ಹೊಸ ಬಶಿ ಹುಡುಕಿ ಕೆಳಗಿಟ್ಟು, ಎರಡೂ ಕೈಯಿಂದ ಅವರಿಗೆ ಕೊಟ್ಟರು.

“ಹಂಗಿದ್ರ ಆ ಸ್ಟೂಲ್ ಬ್ಯಾಡ್ರಿ,” ಎಂದರು. “ಮುಂದ ಬರ್ರಿ, ಮಷಿನ್ ಬಾಜೂಕ. ಅಲ್ಲಿಂದ ಛಲೋ ಕಾಣ್ತದ.”

ಪಡಸಾಲೆಯಲ್ಲಿ ವರದಾ ಹಾರ್ನು ಬಾರಿಸಿದಳು. ಇಬ್ಬರೂ ಚಹಾ ಚೆಲ್ಲಿಕೊಳ್ಳುತ್ತ ಓಡಿದರು.